ಬಾಯಿಬೀಗದ ವಾರ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಸೂಪರ್‌ವೈಸರ್ ಒಬ್ಬಳು ಹೆಂಗಸು. ಅವಳಿಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರೂ ಅವಳನ್ನು ಸೂಪರ್‌ವೈಸರಕ್ಕ ಎಂದೇ ಕರೆಯುತ್ತಿದ್ದರು. ಅಕ್ಕನಿಗೆ ಮುಖ ನೋಡಿ ಮನಸ್ಸು ಹೇಳುವ ವಿದ್ಯೆ ಕರಗತವಾಗಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಳಗೆ ಬರುವವರನ್ನು ಒಂದು ಸಲ ನೋಡಿದರೆ ಸಾಕು, ಯಾರ ಮನೆಯಲ್ಲಿ ಜಗಳವಾಗಿದೆ, ಯಾರಿಗೆ ಸೊಂಟ ಹಿಡಿದಿದೆ, ಯಾರು ರಜೆ ಕೇಳಲು ಹಿಂದೆ ಮುಂದೆ ನೋಡುತ್ತಿದ್ದಾರೆ ಎಂಬುದೆಲ್ಲ ತಿಳಿದುಬಿಡುತ್ತಿತ್ತು. ಕೇಳುವ ಮೊದಲೇ ರಜೆ ಕೊಡುತ್ತಿದ್ದಳು. ಗದರುವುದಿದ್ದರೂ ಬೆಣ್ಣೆಯಿಂದ ಕೂದಲು ತೆಗೆದಂತೆ ಗದರುತ್ತಿದ್ದಳು, ಗದರಿಸಿಕೊಂಡವರು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಇಂಥವರನ್ನು ಕಂಡರೆ ಕಂಪನಿಗಳಿಗೆ ಬಾಯಲ್ಲಿ ನೀರೂರುತ್ತದೆ. ಮುಖ್ಯ ಕಚೇರಿಯವರು ಬಂದು ಅವಳ ಫೋಟೋ ತೆಗೆದುಕೊಂಡು ಹೋದರು. ಕೆಲಸಗಾರರ ತಲೆಯಲ್ಲಿ ಹುಟ್ಟುವ ಹೊಸ ಉಪಾಯಗಳು ಈ ವಿಭಾಗದಿಂದ ಬಂದಷ್ಟು ಇನ್ನೆಲ್ಲಿಂದಲೂ ಬಂದಿರಲಿಲ್ಲವಂತೆ. ಒದ್ದೆ ಶೀಟಿನ ಗಾಡಿಗೆ ಇಳಿಜಾರು ತಳ ಹಾಕಿಸಿದ್ದು, ದಿಂಬಿನ ಚೀಲಗಳನ್ನು ಒಳಗು ಹೊರಗು ಮಾಡಿಯೇ ಒಗೆಯುವುದು, ಇವೆಲ್ಲ ಇಲ್ಲಿಯವರೇ ಯೋಚಿಸಿ ಮಾಡಿದ್ದು.

ಇದರ ಹಿಂದೆ ಅಕ್ಕ ತಂದ ಒಂದು ಪದ್ಧತಿ ಇತ್ತು. ಸೋಮವಾರ ಬೆಳಿಗ್ಗೆ ಯಂತ್ರ ಬಿಸಿಯಾಗುವಷ್ಟು ಹೊತ್ತು ಎಲ್ಲರೂ ಸುತ್ತ ನಿಲ್ಲಬೇಕು. ಯಾರಿಗಾದರೂ ಹೊಸ ಉಪಾಯ ಹೊಳೆದಿದ್ದರೆ ಹೇಳಬೇಕು. ಹೇಳಿದ ಉಪಾಯವನ್ನು ಆ ವಾರವಿಡೀ ಮಾಡಿ ನೋಡಬೇಕು. ಮುಂದಿನ ಸೋಮವಾರದವರೆಗೆ ಅದರಲ್ಲಿ ಯಾರೂ ಹುಳುಕು ತೆಗೆಯುವಂತಿಲ್ಲ. ಒಳ್ಳೆಯದು ಕಂಡರೆ ಹೇಳು, ಕೆಟ್ಟದ್ದು ಕಂಡರೆ ಸೋಮವಾರಕ್ಕೆ ಇಟ್ಟುಕೋ. ಕೆಲಸಗಾರರು ಇದಕ್ಕೆ ಬಾಯಿಬೀಗ ಎಂದು ಹೆಸರಿಟ್ಟು ನಗುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಬೀಗ ಮಾಡಿಸಿದ್ದು ಒಬ್ಬನ ಬಾಯಿಗೆ. ಇಸ್ತ್ರಿಯಾದ ಶೀಟು ಹೊರಬರುವ ಕಡೆ ನಿಂತು ಮಡಿಸುವ ಒಬ್ಬ ಹಿರಿಯ ಇದ್ದ. ಅವನನ್ನು ಎಲ್ಲರೂ ತಕರಾರಪ್ಪ ಎನ್ನುತ್ತಿದ್ದರು. ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ "ಅದಾಗಲ್ಲ" ಅನ್ನುವ ಜಾತಿ. ಹೊಸಬಳೊಬ್ಬಳು ಹೇಳಿದ ಉಪಾಯವನ್ನು ಅವನು ಎಲ್ಲರೆದುರು ಹಿಗ್ಗಾಮುಗ್ಗಾ ಹರಿದು ಹಾಕಿ ಅವಳು ಅಳುತ್ತ ಕೆಲಸವನ್ನೇ ಬಿಟ್ಟು ಹೋದ ಮೇಲೆ, ಅಕ್ಕ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಿದ್ದಳು.

"ನಿಮ್ಮ ಕಣ್ಣು ಸೂಕ್ಷ್ಮ ಅಂತ ನಂಗೊತ್ತು. ಅದಕ್ಕೇ ನಿಮ್ಮ ಮಾತಿಗೆ ತೂಕ ಜಾಸ್ತಿ. ತೂಕ ಇರೋದನ್ನ ಎತ್ತಿ ಎಸೀಬಾರ್ದು, ಇಳಿಸಬೇಕು" ಎಂದಿದ್ದಳು.

ಮುದುಕ ಕರಗಿ ನೀರಾದ. ಅಂದಿನಿಂದ ನಾಲಿಗೆ ಕಚ್ಚಿಕೊಂಡು ಇರಲು ಕಲಿತ. ಕಲಿತದ್ದಕ್ಕೆ ಹೆಮ್ಮೆಯೂ ಪಟ್ಟ. "ನೋಡಿದ್ರಾ ಅಕ್ಕ, ಈ ವಾರ ಒಂದೇ ಒಂದು ಮಾತಾಡಿಲ್ಲ" ಎಂದು ಮಗುವಿನ ಹಾಗೆ ಬಂದು ಒಪ್ಪಿಸುತ್ತಿದ್ದ. ಅಕ್ಕ ಬೆನ್ನು ತಟ್ಟುತ್ತಿದ್ದಳು.

ಇನ್ನು ಗುಬ್ಬಿಯ ಮಾತು. ರೋಲರ್ ಯಂತ್ರಕ್ಕೆ ಒದ್ದೆ ಶೀಟು ಕೊಡುವ ಇಬ್ಬರು ಹೆಂಗಸರಲ್ಲಿ ಗುಬ್ಬಿ ಒಬ್ಬಳು. ಪುಟ್ಟ ಮೈ, ಚುರುಕು ಕೈ. ತಾಯಿ ಸತ್ತ ಮೇಲೆ ಅವಳು ಮಾತು ಬಿಟ್ಟಿದ್ದಳು. ಬರುವಳು, ಶೀಟಿನ ಅಂಚು ಹಿಡಿಯುವಳು, ಹೋಗುವಳು. ಊಟದ ಹೊತ್ತಿಗೂ ಗೋಡೆ ಕಡೆ ಮುಖ ಮಾಡಿ ಕೂರುವಳು. ಅಕ್ಕ ತಿಂಗಳುಗಟ್ಟಲೆ ಅವಳ ಪಕ್ಕದಲ್ಲಿ ಸುಮ್ಮನೆ ಕೂತು ಊಟ ಮಾಡಿದಳು. ಏನನ್ನೂ ಕೇಳಲಿಲ್ಲ. ಒಂದು ದಿನ ಗುಬ್ಬಿ ತಾನಾಗಿಯೇ "ಅಕ್ಕ, ನಿಮ್ಮ ಡಬ್ಬಿ ಮುಚ್ಚಳ ಸಡಿಲ ಆಗಿದೆ" ಎಂದಾಗ ಅಕ್ಕನಿಗೆ ಕಣ್ಣು ತುಂಬಿ ಬಂತು. ಅದು ನಾಟಕವಲ್ಲ. ಅವಳ ಪ್ರೀತಿ ನಿಜವಾದದ್ದೇ. ಈ ಕತೆಯಲ್ಲಿ ನನ್ನನ್ನು ಉರಿಸುವುದೂ ಅದೇ.

ಒಂದು ಸೋಮವಾರ ಎಲ್ಲರೂ ನಿಂತಿದ್ದಾಗ ಗುಬ್ಬಿ ಕೈ ಎತ್ತಿದಳು. ಗುಬ್ಬಿ ಕೈ ಎತ್ತಿದ್ದಾಳೆ ಎಂದು ಗೊತ್ತಾಗುವುದಕ್ಕೇ ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು.

ಆಗಷ್ಟೇ ಆಸ್ಪತ್ರೆಯವರು ದಪ್ಪ ಅಂಚಿನ ಹೊಸ ಶೀಟುಗಳನ್ನು ತರಿಸಿದ್ದರು. ಬಿಸಿ ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಂಬಿ ಇತ್ತು. ಬೆರಳು ತಾಗಿದರೆ ಆ ಕಂಬಿ ಅಲುಗಿ ಯಂತ್ರ ತಟ್ಟನೆ ನಿಲ್ಲಬೇಕು, ಅದಕ್ಕೆಂದೇ ಇಟ್ಟದ್ದು. ಈಗ ಶೀಟಿನ ದಪ್ಪ ಅಂಚು ತಾಗಿಯೂ ನಿಲ್ಲತೊಡಗಿತು. ನಿಂತಾಗಲೆಲ್ಲ ಒಳಗೆ ಸಿಕ್ಕ ಶೀಟು ಕಂದುಗಟ್ಟುತ್ತಿತ್ತು, ಮತ್ತೆ ಒಗೆಯಬೇಕಾಗುತ್ತಿತ್ತು, ಎಲ್ಲರೂ ರೇಗುತ್ತಿದ್ದರು.

"ಕಂಬಿ ಎರಡು ತುದಿಗೂ ಹಳೇ ಬಟ್ಟೆ ಉಂಡೆ ಕೊಟ್ಟು ಒಂಚೂರು ಎತ್ತಿ ಕಟ್ಟಿಬಿಟ್ರೆ ಅಂಚು ತಾಗಲ್ಲ" ಎಂದಳು ಗುಬ್ಬಿ. "ಕೈ ಹತ್ರ ಹೋಗೋದು ಬೇಡ. ಇದರಲ್ಲಿ ತಳ್ಳೋಣ." ಮನೆಯಿಂದ ಕಾಗದದಲ್ಲಿ ಸುತ್ತಿ ತಂದಿದ್ದ ಒಂದು ತೆಳು ಮರದ ಹಲಗೆಯನ್ನು ತೋರಿಸಿದಳು. ಅಂಚುಗಳನ್ನು ಅವಳೇ ತಿಕ್ಕಿ ನುಣ್ಣಗೆ ಮಾಡಿದ್ದಳು. ಹೇಳುತ್ತ ಹೇಳುತ್ತ ಅವಳ ಮುಖಕ್ಕೆ ರಕ್ತ ಬಂತು. ತಾಯಿ ಸತ್ತ ಮೇಲೆ ಅಂಥ ಮುಖವನ್ನು ಅಲ್ಲಿ ಯಾರೂ ನೋಡಿರಲಿಲ್ಲ.

ಅಕ್ಕ ನೋಡಿದ್ದು ಆ ಮುಖವನ್ನು. ಕಂಬಿ ಕಟ್ಟಿದರೆ ಅಲುಗುವುದಿಲ್ಲ, ಅಲುಗದಿದ್ದರೆ ಯಂತ್ರ ನಿಲ್ಲುವುದಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲವೇ? ಹೊಳೆಯಿತು. ಎದೆಯಲ್ಲಿ ಒಂದು ಸಣ್ಣ ಚಳುಕು ಎದ್ದು ಮಾಯವಾಯಿತು. ಕಂಬಿ ಮುಟ್ಟುವುದಿದ್ದರೆ ಮೆಕ್ಯಾನಿಕ್ಕಿಗೆ ತಿಳಿಸಲೇಬೇಕೆಂದು ನಿಯಮವಿತ್ತು. ಆದರೆ ಆ ಮೆಕ್ಯಾನಿಕ್ ಒರಟು ಮನುಷ್ಯ. "ಯಾವ ಕತ್ತೆಗೆ ಹೊಳೀತು ಇದು" ಅಂತ ಗುಬ್ಬಿಯ ಮುಖದ ಮೇಲೇ ಕೇಳುವವನು. ಕೇಳಿದರೆ ಈ ದೀಪ ಆರಿಹೋಗುತ್ತದೆ, ಇನ್ನೆಂದೂ ಹತ್ತುವುದಿಲ್ಲ. ಮುಂದಿನ ಸೋಮವಾರ ಅವನಿಗೆ ಹೇಳಿದರಾಯಿತು.

"ಮಾಡೋಣ. ಇವತ್ತೇ ಮಾಡೋಣ" ಎಂದಳು ಅಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಬ್ಬಿ ನಾಚಿ ಹಲಗೆಯನ್ನು ಎದೆಗೆ ಅವುಚಿಕೊಂಡಳು.

ಉಪಾಯ ಚೆನ್ನಾಗಿಯೇ ನಡೆಯಿತು. ಯಂತ್ರ ನಿಲ್ಲಲಿಲ್ಲ, ಶೀಟು ಕಂದಲಿಲ್ಲ. ಗುಬ್ಬಿ ಊಟದ ಹೊತ್ತಿಗೆ ಗೋಡೆ ಬಿಟ್ಟು ಉಳಿದವರ ನಡುವೆ ಬಂದು ಕೂತಳು. ಮಗಳು ಶಾಲೆಯಲ್ಲಿ ಹಾಡಿದ ಹಾಡಿನ ಎರಡು ಸಾಲನ್ನು ಹೇಳಿ ತೋರಿಸಿದಳು.

ಬುಧವಾರ ಕೈ ತೊಳೆಯುವ ಕಡೆ ತಕರಾರಪ್ಪ ಅಕ್ಕನ ಎದುರು ಬಂದ. ಅವನು ನಿಲ್ಲುವ ಜಾಗದಿಂದ ರೋಲರಿನ ಆಚೆ ಗುಬ್ಬಿಯ ಕೈಗಳು ಕಾಣುತ್ತಿದ್ದವು. ಶೀಟು ಸೊಟ್ಟಗಾದಾಗ ಹಲಗೆ ಕಂಕುಳಿಗೆ ಹೋಗುತ್ತದೆ, ಕೈ ಅದರ ಪಾಡಿಗೆ ಅಂಚು ಸರಿಮಾಡಲು ಮುಂದೆ ಹೋಗುತ್ತದೆ. ವರ್ಷಗಟ್ಟಲೆ ಪಳಗಿದ ಕೈ ಹಲಗೆಯ ಮಾತು ಕೇಳುವುದಿಲ್ಲ. ಇದು ಅವನ ಕಣ್ಣಿಗೆ ಬಿದ್ದಿತ್ತು.

"ಅಕ್ಕ, ಸೋಮವಾರಕ್ಕೆ ಒಂದು ಮಾತಿದೆ" ಎಂದ.

ಅಕ್ಕ ಅವನ ಮುಖ ನೋಡಿದಳು. ಹುಳುಕು ಕಂಡಿದೆ, ಹೇಳಲು ಒದ್ದಾಡುತ್ತಿದ್ದಾನೆ ಎಂದು ಥಟ್ಟನೆ ಗೊತ್ತಾಯಿತು. ನಕ್ಕು ತುಟಿಯ ಮೇಲೆ ಬೆರಳಿಟ್ಟು, "ಸೋಮವಾರ" ಎಂದಳು.

ಅವನೂ ನಕ್ಕ. ತನ್ನ ತಾಳ್ಮೆಯನ್ನು ತಾನೇ ಮೆಚ್ಚಿಕೊಂಡು ತುಟಿಗೆ ಬೀಗ ತಿರುವುವ ಹಾಗೆ ಕೈ ಮಾಡಿ ಹೋದ.

ಗುರುವಾರ ಮಧ್ಯಾಹ್ನ ಆಸ್ಪತ್ರೆಯಿಂದ ಅವಸರದ ಬೇಡಿಕೆ ಬಂತು. ಯಂತ್ರದ ವೇಗ ಏರಿಸಿದರು. ಶೀಟೊಂದು ಸೊಟ್ಟಗಾಯಿತು. ಗುಬ್ಬಿಯ ಬಲಗೈ ಅಂಚಿನ ಜೊತೆ ಒಳಗೆ ಹೋಯಿತು, ಕಂಬಿ ಅಲುಗಲಿಲ್ಲ. ಕೂಗು ಕೇಳಿ ತಕರಾರಪ್ಪನೇ ಓಡಿ ಬಂದು ಗೋಡೆಯ ಕೆಂಪು ಗುಂಡಿ ಒತ್ತಿದ. ರೋಲರನ್ನು ಹಿಂದಕ್ಕೆ ತಿರುಗಿಸಲು ಮೆಕ್ಯಾನಿಕ್ ಬರುವವರೆಗೆ ಅವಳ ಕೈ ಬಿಸಿ ಲೋಹದ ನಡುವೆಯೇ ಇತ್ತು. ಆ ವಾಸನೆಯ ಬಗ್ಗೆ ನಾನು ಬರೆಯುವುದಿಲ್ಲ. ಅಲ್ಲಿದ್ದವರು ಯಾರೂ ಅದನ್ನು ಮರೆಯಲಾರರು. ಅಕ್ಕ ಗುಬ್ಬಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು "ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ" ಎನ್ನುತ್ತಿದ್ದಳು.

ಮರುದಿನ ಮ್ಯಾನೇಜರ್ ಅಕ್ಕನನ್ನು ಒಳಗೆ ಕರೆದು ಬಾಗಿಲು ಹಾಕಿದ.

"ಕೈ ಉಳಿಯಲ್ಲವಂತೆ. ಮಣಿಕಟ್ಟಿನ ಹತ್ರ ತೆಗೀತಾರಂತೆ" ಎಂದ. ಸ್ವಲ್ಪ ಹೊತ್ತು ಮೇಜಿನ ಗಾಜನ್ನು ಉಗುರಿನಿಂದ ಕೆರೆದ. "ಭಾನುವಾರ ಸುರಕ್ಷತೆ ಅಧಿಕಾರಿ ಅವಳ ಹೇಳಿಕೆ ತಗೋತಾರೆ. ಸೋಮವಾರ ಇಲ್ಲಿಗೆ ಬರ್ತಾರೆ. ಕಂಬಿ ಕಟ್ಟಿದ್ದು ಯಾರು, ಒಪ್ಪಿಗೆ ಕೊಟ್ಟಿದ್ದು ಯಾರು ಅಂತಾನೇ ಕೇಳೋದು."

"ಒಪ್ಪಿದ್ದು ನಾನು ಸಾರ್."

"ಹಾಗೆ ಹೇಳಿದ್ರೆ ನಿಮ್ಮ ಮೇಲೆ ಕೇಸು. ಕೆಲಸ ಹೋಗುತ್ತೆ, ಜೈಲೂ ಆಗಬಹುದು. ಅವಳೇ ಯಾರಿಗೂ ಹೇಳದೆ ಕಟ್ಟಿದಳು ಅಂತಾದ್ರೆ ಅಲ್ಲಿಗೇ ಮುಗೀತು."

"ಅವಳಿಗೆ ಪರಿಹಾರ?"

"ಅವಳದೇ ತಪ್ಪು ಅಂತಾದ್ರೆ ಪೂರ್ತಿ ಸಿಗಲ್ಲ. ನಾವೇನೋ ಮಾನವೀಯತೆಯಿಂದ ನೋಡ್ತೀವಿ." ಅವನು ತಲೆ ಎತ್ತಿದ. "ನೀವು ಒಂದ್ಸಲ ಹೋಗಿ ಮಾತಾಡಿಸಿ ಬನ್ನಿ. ಏನು ಹೇಳಬೇಕು ಅಂತ ನಾನು ಹೇಳಿಕೊಡಲ್ಲ. ಜನರ ಜೊತೆ ಹೇಗೆ ಮಾತಾಡಬೇಕು ಅಂತ ನಿಮಗೆ ಗೊತ್ತು."

ಮಾನವೀಯತೆಯಂತೆ! ಆ ಪದವನ್ನು ಅವನು ಜೇಬಿನಿಂದ ಕರವಸ್ತ್ರ ತೆಗೆದ ಹಾಗೆ ತೆಗೆದ.

ಅಕ್ಕನ ಗಂಡ ಬಸ್ ಓಡಿಸುವವನು. ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡ. ಅವನಿಗೆ ಮುಖ ಓದುವ ವಿದ್ಯೆ ಗಿದ್ಯೆ ಏನೂ ಬಾರದು. ಹೆಂಡತಿ ಅತ್ತರೆ ಅತ್ತಳು, ನಕ್ಕರೆ ನಕ್ಕಳು, ಅವನಿಗೆ ತಿಳಿಯುವುದು ಅಷ್ಟೇ.

"ಒಪ್ಪಿದ್ದು ನೀನು ತಾನೇ? ಹಾಗಂತ ಹೇಳಿಬಿಡು" ಎಂದ.

"ಹೇಳಿದ್ರೆ ಮಗನ ಓದು ಏನಾಗುತ್ತೆ? ನಿಮ್ಮೊಬ್ಬರ ದುಡಿಮೇಲಿ ಈ ಮನೆ ನಡೆಯುತ್ತಾ?"

"ನಡೆಸೋಣ ಬಿಡು. ಅವಳ ಕೈ ಹೋಗಿದೆ ಕಣೇ."

ಅಕ್ಕ ಅವನ ಪಕ್ಕದಲ್ಲಿ ಕೂತು, ದಿನವಿಡೀ ಸ್ಟಿಯರಿಂಗ್ ಹಿಡಿದು ಬಿಗಿದ ಅವನ ಭುಜ ಒತ್ತತೊಡಗಿದಳು. "ನೀವು ಹೇಳೋದು ಸರಿ. ನಿಮ್ಮಷ್ಟು ನೇರ ಮನುಷ್ಯರು ಸಿಗಲ್ಲ. ಮೊದಲು ಅವಳನ್ನ ನೋಡಿಕೊಂಡು ಬರ್ತೀನಿ, ಆಮೇಲೆ ಯೋಚಿಸೋಣ" ಎಂದಳು. ಅವನು ಸಮಾಧಾನದಿಂದ ಕಣ್ಣು ಮುಚ್ಚಿದ. ಗಂಡನ ಮಾತಿಗೂ ಎಷ್ಟು ನಯವಾಗಿ ಬೀಗ ಬಿತ್ತು ಎಂದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು, ಕೈ ಮಾತ್ರ ಭುಜ ಒತ್ತುತ್ತಲೇ ಇತ್ತು.

ಶನಿವಾರ ಆಸ್ಪತ್ರೆಗೆ ಹೋದಳು. ಉದ್ದನೆಯ ವಾರ್ಡಿನ ಕೊನೆಯ ಮಂಚದಲ್ಲಿ ಗುಬ್ಬಿ ಮಲಗಿದ್ದಳು. ಬಲಗೈ ಬಟ್ಟೆಯ ಮುದ್ದೆಯಾಗಿ ಮುಗಿದುಹೋಗಿತ್ತು. ಮಂಚದ ಮೇಲಿನ ಶೀಟು ಅವರ ಲಾಂಡ್ರಿಯದೇ, ಅದೇ ದಪ್ಪ ಅಂಚು. ಪಕ್ಕದಲ್ಲಿ ಗುಬ್ಬಿಯ ಸ್ವಂತ ಅಕ್ಕ ಕೂತಿದ್ದಳು. ಅವಳ ಮುಖದಲ್ಲಿ ಸಂಶಯ ಎದ್ದು ಕಾಣುತ್ತಿತ್ತು. ಸೂಪರ್‌ವೈಸರಕ್ಕ ಮೊದಲು ಅವಳ ಕೈ ಹಿಡಿದಳು.

"ರಾತ್ರಿಯೆಲ್ಲ ಕೂತಿದ್ದೀರಿ ಅನ್ಸುತ್ತೆ. ಕಣ್ಣು ಹೇಗಾಗಿದೆ ನೋಡಿ. ಕೆಳಗೆ ಹೋಗಿ ಬಿಸಿಯಾಗಿ ಒಂದು ಟೀ ಕುಡಿದು ಬನ್ನಿ. ನಾನಿರ್ತೀನಿ."

ಇದು ಕಾಳಜಿಯೇ. ಆ ಹೆಂಗಸು ನಿಜಕ್ಕೂ ಸೋತು ಸುಣ್ಣವಾಗಿದ್ದಳು. ಅವಳು ಎದ್ದು ಹೋದರೆ ಗುಬ್ಬಿ ಒಬ್ಬಳೇ ಸಿಗುತ್ತಾಳೆ ಎಂಬುದೂ ಅಷ್ಟೇ ನಿಜ. ಎರಡೂ ಒಂದೇ ಬಾಯಿಯಿಂದ ಒಂದೇ ಉಸಿರಿನಲ್ಲಿ ಬಂದವು. ಸ್ವಂತ ಅಕ್ಕ ಹಿಂದೆ ತಿರುಗಿ ನೋಡುತ್ತ ನೋಡುತ್ತ ಹೋದಳು.

"ನೋವಿದೆಯಾ?"

"ಇಲ್ಲದಿರೋ ಬೆರಳು ನೋಯುತ್ತೆ ಅಕ್ಕ. ವಿಚಿತ್ರ ಅಲ್ವಾ?" ಗುಬ್ಬಿ ನಗಲು ನೋಡಿದಳು. "ಮಗಳ ಜಡೆ ಹಾಕೋದು ಹೇಗೆ ಅಂತ ಯೋಚಿಸ್ತಿದ್ದೆ."

ಅಕ್ಕ ಅವಳ ಹೊದಿಕೆ ಸರಿಮಾಡಿದಳು. "ಅಧಿಕಾರಿ ನಾಳೆ ಬರ್ತಾರಂತೆ" ಎಂದಳು. ಅಲ್ಲಿಗೆ ನಿಲ್ಲಿಸಿದಳು.

ಹೀಗೆ ನಿಲ್ಲಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮೃದು ಮನಸ್ಸಿನವರೆದುರು ಮಾತು ಅರ್ಧಕ್ಕೆ ಬಿಟ್ಟು ಸುಮ್ಮನಾದರೆ ಉಳಿದರ್ಧವನ್ನು ಅವರೇ ತುಂಬಿಕೊಡುತ್ತಾರೆ. ಕೆಳಗೆ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು ಬಂತು. ಗುಬ್ಬಿ ಅಕ್ಕನ ಮುಖವನ್ನೇ ನೋಡಿದಳು. ಅಕ್ಕ ಮುಖ ಮರೆಸಿಕೊಳ್ಳಲಿಲ್ಲ, ಭಯವನ್ನು ಹಾಗೇ ಕಾಣಬಿಟ್ಟಳು.

"ನಿಮಗೇನಾದ್ರೂ ತೊಂದರೆ ಆಗುತ್ತಾ?" ಎಂದು ಕೇಳಿದಳು ಗುಬ್ಬಿ.

ಅಕ್ಕನ ಕಣ್ಣಿಂದ ನೀರು ಇಳಿಯಿತು.

"ಅಳಬೇಡಿ ಅಕ್ಕ. ಕಟ್ಟಿದ್ದು ನಾನೇ ಅಲ್ವಾ? ಯಾರನ್ನೂ ಕೇಳಲಿಲ್ಲ ಅಂತೀನಿ ಬಿಡಿ. ನೀವಿಲ್ಲದಿದ್ರೆ ನಾನು ಇವತ್ತಿಗೂ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತಿದ್ದೆ."

ಇಲ್ಲ ಎನ್ನಬಹುದಿತ್ತು. ಎರಡಕ್ಷರದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕ ಗುಬ್ಬಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, "ನಿನ್ನ ಮನಸ್ಸಿಗೆ ಏನು ಸರಿ ಅನ್ಸುತ್ತೋ ಅದನ್ನೇ ಹೇಳು" ಎಂದಳು.

ಎಂಥ ಒಳ್ಳೆಯ ಮಾತು! ಕೇಳಿದವರು ಕೈ ಮುಗಿಯಬೇಕು. ಅದಕ್ಕಿಂತ ಹೊಲಸು ಮಾತನ್ನು ನಾನು ಕೇಳಿಲ್ಲ.

ಭಾನುವಾರ ಅಕ್ಕನಿಗೆ ಅನ್ನ ಸೇರಲಿಲ್ಲ. ಮಗನ ತಲೆ ಬಾಚಲು ಹೋಗಿ ಬಾಚಣಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವಳು ತೀರ್ಮಾನಕ್ಕೆ ಬಂದಿದ್ದಳು. ಗುಬ್ಬಿ ಏನು ಬೇಕಾದರೂ ಹೇಳಿರಲಿ, ಸೋಮವಾರ ಅಧಿಕಾರಿಯ ಎದುರು ನಿಜ ಹೇಳಿಬಿಡುವುದು. ಒಪ್ಪಿದ್ದು ನಾನು, ಮೆಕ್ಯಾನಿಕ್ಕಿಗೆ ತಿಳಿಸದೆ ಇದ್ದದ್ದು ನಾನು, ಬುಧವಾರ ಒಬ್ಬರು ಎಚ್ಚರಿಸಲು ಬಂದಾಗ ಬಾಯಿ ಮುಚ್ಚಿಸಿದ್ದೂ ನಾನು. ಗಂಡನಿಗೆ ಹೇಳಿದಾಗ ಅವನು ತಲೆಯಾಡಿಸಿ, "ಸರಿ" ಎಂದಷ್ಟೇ ಅಂದು ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ. ಆಗ ಅವಳು ಉಂಡಳು.

ಸೋಮವಾರ ಅವಳು ಹೋಗುವಷ್ಟರಲ್ಲಿ ಅಧಿಕಾರಿ ಬಂದಾಗಿತ್ತು. ಪಾಳಿಗೂ ಮೊದಲೇ ಬಂದು, ಮ್ಯಾನೇಜರ್ ಬೇಗ ಬರಹೇಳಿದ್ದವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೇಳಿ ಮುಗಿಸಿದ್ದ. ರೋಲರಿನ ಸುತ್ತ ಎಲ್ಲರೂ ಎಂದಿನಂತೆ ನಿಂತಿದ್ದರು, ಯಂತ್ರ ಮಾತ್ರ ತಣ್ಣಗಿತ್ತು. ಅಕ್ಕನನ್ನು ಕಂಡು ಒಬ್ಬಳು ಸ್ಟೂಲು ಎಳೆದು ಹಾಕಿದಳು. ಇನ್ನೊಬ್ಬಳು ನೀರು ತಂದುಕೊಟ್ಟಳು. ಎಲ್ಲರ ಕಣ್ಣಿನಲ್ಲೂ ಅವಳೇ ಕಲಿಸಿಕೊಟ್ಟ ಕಾಳಜಿ ಇತ್ತು.

ಗುಬ್ಬಿಯ ಜೊತೆ ಶೀಟು ಕೊಡುತ್ತಿದ್ದ ಹೆಂಗಸು ಹತ್ತಿರ ಬಂದು, "ನೀವೇನೂ ಹೆದರಬೇಡಿ ಅಕ್ಕ. ಗುಬ್ಬಿ ಅವಳಷ್ಟಕ್ಕೆ ಅವಳೇ ಕಟ್ಟಿದ್ದು, ನಮಗ್ಯಾರಿಗೂ ಗೊತ್ತಿರಲಿಲ್ಲ ಅಂದ್ವಿ. ಎಲ್ಲರೂ ಒಂದೇ ಮಾತು ಹೇಳಿದ್ದೀವಿ" ಎಂದಳು.

ಅಕ್ಕ ನೀರಿನ ಲೋಟ ಕೆಳಗಿಟ್ಟಳು. "ಎಲ್ಲರೂನಾ?"

"ಎಲ್ಲರೂ. ಇವರೂ ಸೈತ." ಅವಳು ತಕರಾರಪ್ಪನ ಕಡೆ ಗದ್ದ ಎತ್ತಿ ತೋರಿಸಿದಳು. ಅವನು ಮಡಿಸುವ ಮೇಜಿನ ಹತ್ತಿರ ತಲೆ ತಗ್ಗಿಸಿಕೊಂಡು ನಿಂತಿದ್ದ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮ್ಯಾನೇಜರನ ಕುರ್ಚಿಯಲ್ಲಿ ಕೂತಿದ್ದ ಅಧಿಕಾರಿ ಸಣ್ಣ ಧ್ವನಿಯ, ಆಯಾಸಗೊಂಡ ಮನುಷ್ಯ. "ಕೂತ್ಕೊಳ್ಳಿ. ಗಾಯ ಆದವರೂ, ಇಲ್ಲಿನವರೂ ಒಂದೇ ರೀತಿ ಹೇಳಿದ್ದಾರೆ. ಕಂಬಿ ಕಟ್ಟಿದ್ದು ನಿಮ್ಮ ಗಮನಕ್ಕೆ ಬಂದಿತ್ತಾ?" ಎಂದು ಕೇಳಿದ.

ಅಕ್ಕ ಬಾಯಿ ತೆರೆದಳು. ಈಗ ನಿಜ ಹೇಳಿದರೆ ಹೊರಗೆ ನಿಂತಿರುವವರೆಲ್ಲ ಸುಳ್ಳುಗಾರರಾಗುತ್ತಾರೆ. ನೀರು ಕೊಟ್ಟವಳು, ಸ್ಟೂಲು ಹಾಕಿದವಳು, ಎಲ್ಲರೂ. ಅವರನ್ನು ಸಿಕ್ಕಿಸಿಹಾಕಿದಂತೆ ಆಗುವುದಿಲ್ಲವೇ? ಅವರ ಮನಸ್ಸಿಗೆ ಎಷ್ಟು ನೋವಾಗುತ್ತದೆ? ಎಷ್ಟು ಚೆಂದದ ನೆಪ ಸಿಕ್ಕಿತು ನೋಡಿ! ಇನ್ನೊಬ್ಬರ ನೋವನ್ನು ನೆನೆದು ನೆನೆದೇ ಅವಳು ತನ್ನನ್ನು ಉಳಿಸಿಕೊಂಡಳು.

"ಇಲ್ಲ ಸಾರ್" ಎಂದಳು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. "ಇಷ್ಟು ಹೊಂದಿಕೊಂಡು ಕೆಲಸ ಮಾಡೋ ಜನಾನ ನಾನು ಬೇರೆಲ್ಲೂ ನೋಡಿಲ್ಲ" ಎಂದ.

ಅವಳು ಹೊರಗೆ ಬಂದಳು. ಯಾರೂ ಏನೂ ಕೇಳಲಿಲ್ಲ. ತಕರಾರಪ್ಪ ಮಾತ್ರ ತಲೆ ಎತ್ತಿ ಅವಳನ್ನು ನೋಡಿದ. ಏನು ಹೇಳಿ ಬಂದೆ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಅವಳು, ಎಲ್ಲ ಸರಿಹೋಯಿತು ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು.

ಮುದುಕನ ಮುಖಕ್ಕೆ ಸಮಾಧಾನ ಬರಬೇಕಿತ್ತು. ಬರಲಿಲ್ಲ. ದವಡೆ ಸ್ವಲ್ಪ ಅದುರಿತು, ಕಣ್ಣಿನಲ್ಲಿ ಅಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದ ಏನೋ ಒಂದು ಬಿಟ್ಟುಹೋಯಿತು. ಓದಬಾರದು ಎಂದುಕೊಂಡರೂ ಅಕ್ಕನಿಗೆ ಓದಲು ಬಂತು. ಎಲ್ಲರ ಜೊತೆ ಸೇರಿ ಅವನು ಸುಳ್ಳು ಹೇಳಿದ್ದ, ಮತ್ತು ಅವಳು ಒಳಗೆ ಹೋಗಿ ಅದನ್ನು ಸುಳ್ಳೆಂದು ಹೇಳಿಬಿಡುತ್ತಾಳೆ ಎಂದು ನಂಬಿ ಕಾದಿದ್ದ.